ದಲ್ಲಾಳಿಯ ಬಲಗೈ

"ಗುರುಗಳೇ, ಮನಸ್ಸೇ ಇಲ್ಲದವರಿಗೆ ಮನಸ್ಸು ಬರಿಸುವುದು ಹೇಗೆ?" ಎಂದು ಕಲ್ಮೇಶ ಕೇಳಿದ.

ಗುರು ಅಡಿವೆಯ್ಯನವರು ಕೈಕಾಲು ಸ್ವಾಧೀನ ತಪ್ಪಿದವರಿಗೆ ವ್ಯಾಯಾಮ ಹೇಳಿಕೊಡುವವರು. ನಲವತ್ತು ವರ್ಷಗಳಿಂದ ಅದೇ ಕಸುಬು. ಕಲ್ಮೇಶ ಅವರ ಬಳಿ ಎರಡು ವರ್ಷ ಕಲಿತು, ಈಗ ತಾನೇ ಮನೆಮನೆಗೆ ಹೋಗಿ ಬರುತ್ತಿದ್ದ.

"ಯಾರಿಗೆ ಮನಸ್ಸಿಲ್ಲ?" ಎಂದರು ಗುರುಗಳು.

"ಒಬ್ಬ ಹೆಂಗಸು. ಸೊಂಟದ ಮೂಳೆ ಮುರಿದಿತ್ತು. ಕೂಡಿಕೊಂಡು ಎರಡು ತಿಂಗಳಾಯಿತು. ದಿನಕ್ಕೆ ಇಪ್ಪತ್ತು ಸಲ ಎದ್ದು ನಿಲ್ಲಿ ಅಂದಿದ್ದೇನೆ. ನಾನಿದ್ದಾಗ ನಿಲ್ಲುತ್ತಾಳೆ. ನಾನು ಹೊಸ್ತಿಲು ದಾಟಿದೊಡನೆ ಮಲಗುತ್ತಾಳೆ. ಬೈದು ನೋಡಿದೆ. ಹೀಗೇ ಇದ್ದರೆ ಹಾಸಿಗೆಯೇ ಗತಿ ಎಂದು ಹೆದರಿಸಿ ನೋಡಿದೆ. ಈಗ ಹೊಗಳುತ್ತಿದ್ದೇನೆ. ನಿನ್ನೆ ಮೂರೇ ಸಲ ನಿಂತಳು. ಭೇಷ್, ಬಹಳ ಸುಧಾರಿಸಿದ್ದೀರಿ ಅಂದೆ."

"ಸುಧಾರಿಸಿದ್ದಳೇ?"

"ಇಲ್ಲ. ಹುರುಪು ಬರಲಿ ಅಂತ ಅಂದೆ."

"ಬಂತೇ?"

"ನನ್ನ ಮುಖ ನೋಡಿ ನಕ್ಕಳು. ಆಮೇಲೆ ಮಲಗಿದಳು."

ಗುರುಗಳು ಅವನನ್ನು ಹತ್ತಿರ ಕರೆದರು. ಆಮೇಲೆ ಹೇಳಿದರು:

ಕೂತುಕೋ ತಮ್ಮಾ. ಒಂದು ಕತೆ ಹೇಳುತ್ತೇನೆ. ಇದರಲ್ಲಿ ಒಬ್ಬ ದಲ್ಲಾಳಿ ಇದ್ದಾನೆ, ಒಬ್ಬ ರೈತ ಇದ್ದಾನೆ, ವ್ಯಾಯಾಮ ಮಾಡಿಸುವ ಒಬ್ಬ ಮಾಸ್ತರ ಇದ್ದಾನೆ. ಮಾಸ್ತರ ನಾನೇ. ಯಾರೋ ಒಬ್ಬ ಮಾಸ್ತರ ಎಂದು ಹೇಳಿದರೆ ನನಗೆ ಸಲೀಸು. ಹಾಗೂ ಹೇಳಿ ನೋಡಿದ್ದೇನೆ. ಕೇಳಿದವರು ಆ ಮಾಸ್ತರನನ್ನು ಬೈಯುತ್ತಾರೆ, ನಾನೂ ಅವರ ಜೊತೆ ಕೂತು ಬೈಯುತ್ತೇನೆ. ಅದು ಸರಿಯಲ್ಲ.

ಒಬ್ಬ ದಲ್ಲಾಳಿ ಇದ್ದ. ಎತ್ತಿನ ಸಂತೆಯ ದಲ್ಲಾಳಿ.

ಎತ್ತಿನ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ದಲ್ಲಾಳಿ ತನ್ನ ಬಲಗೈಯಿಂದ ಎದುರಿನವನ ಬಲಗೈ ಹಿಡಿಯುತ್ತಾನೆ. ಎರಡು ಕೈಗಳ ಮೇಲೆ ಟವೆಲು ಬೀಳುತ್ತದೆ. ಅದರ ಕೆಳಗೆ ಮಾತು. ಒಂದು ಬೆರಳು ಹಿಡಿದರೆ ಒಂದು ಸಾವಿರ. ಮೂರು ಹಿಡಿದರೆ ಮೂರು. ಹಿಡಿಯುವುದು ಎಂದರೆ ಅವನ ಒಂದೊಂದು ಬೆರಳನ್ನು ತನ್ನ ಒಂದೊಂದು ಬೆರಳಿನಿಂದ ಒತ್ತುವುದು. ಬೆರಳಿನ ನಡುಗೆಣ್ಣು ಒತ್ತಿದರೆ ಅರ್ಧ. ಸುತ್ತ ನಿಂತವರಿಗೆ ಟವೆಲು ಅಲುಗುವುದು ಕಾಣುತ್ತದೆ, ಮತ್ತೇನೂ ಕಾಣುವುದಿಲ್ಲ. ಮಾರುವವನಿಗೊಮ್ಮೆ, ಕೊಳ್ಳುವವನಿಗೊಮ್ಮೆ ಹೀಗೆ ಕೈ ಕೊಟ್ಟು ದಲ್ಲಾಳಿ ಇಬ್ಬರನ್ನೂ ಒಂದು ಬೆಲೆಗೆ ತರುತ್ತಾನೆ. ಎಡಗೈ ನಡೆಯುವುದಿಲ್ಲ. ಎಡಗೈ ಚಾಚಿದವನ ಎದುರಿನಿಂದ ಎತ್ತು ಹೊಡೆದುಕೊಂಡು ಹೋಗಿಬಿಡುತ್ತಾರೆ.

ಈ ದಲ್ಲಾಳಿ ಮೂವತ್ತು ವರ್ಷ ಆ ಸಂತೆಯಲ್ಲಿ ನಿಂತವನು. ಅವನ ಹಿಡಿತ ಒಂದೇ ಸಲ. ಎರಡನೆಯ ಸಲ ಹಿಡಿದು ತಿಳಿಸಬೇಕಾದ ಪ್ರಸಂಗ ಬಂದಿರಲಿಲ್ಲ. ಜಗಳ ಬಿದ್ದಲ್ಲಿ, "ಕಾಕಾನ ಕೈಗೆ ಕೊಡ್ರಿ" ಅನ್ನುತ್ತಿದ್ದರು. ಅವನ ಕೈ ಹೇಳಿದ ಮೇಲೆ ಜಗಳ ಮುಗಿಯುತ್ತಿತ್ತು.

ಒಂದು ಮುಂಜಾನೆ ಅವನಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು. ತಿಂಗಳೊಳಗೆ ಕಾಲು ಮರಳಿತು. ಬಲಗೈ ಬಿದ್ದುಹೋಯಿತು.

ಅವನನ್ನು ನನ್ನ ಹತ್ತಿರ ಕರೆತಂದರು. ಆಗ ನನ್ನ ವಯಸ್ಸು ನಿನ್ನಷ್ಟೇ. ಆದರೆ ಹೆಸರು ದೊಡ್ಡದಿತ್ತು. ನನ್ನ ಹತ್ತಿರ ಬಂದವರಿಗೆಲ್ಲ ಗುಣವಾಗುತ್ತದೆ ಎಂದು ಜನ ಹೇಳುತ್ತಿದ್ದರು. ನಿಜವೇ. ಗುಣವಾಗಲಾರದು ಅನ್ನಿಸಿದವರನ್ನು ನಾನು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಹೆಸರು ಕಾಯುವುದು ಹಾಗೆ.

ದಲ್ಲಾಳಿ ಮೊದಲ ದಿನ ಒಂದೇ ಮಾತು ಕೇಳಿದ.

"ಮಾಸ್ತರ್ರ, ಸಂತಿಗೆ ಯಾವಾಗ ಹೋಗಬಹುದು?"

"ಈ ತುಂಬಿದ ತಂಬಿಗೆ ಎತ್ತಿದ ದಿನ," ಎಂದೆ.

"ತಂಬಿಗಿ ನನ್ನ ಹೆಂಡ್ತಿ ಎತ್ತತಾಳ್ರಿ. ನಾ ಸಂತಿ ಕೇಳಿದ್ದು."

ನಾನು ನಕ್ಕು, ಅರಿವೆಯ ಚೆಂಡು ಅವನ ಕೈಗೆ ಕೊಟ್ಟೆ. ಅವನು ಕೇಳಿದ್ದು ಒಂದು, ನಾನು ಕೊಟ್ಟದ್ದು ಇನ್ನೊಂದು. ಅಂಗಡಿಯಲ್ಲಿ ಗಿರಾಕಿಗೆ ಹಾಗೆ ಮಾಡಿದರೆ ಮರುದಿನ ಅವನು ಬರುವುದಿಲ್ಲ. ನಮ್ಮ ಕಸುಬಿನಲ್ಲಿ ರೋಗಿ ಬೇರೆ ದಾರಿಯಿಲ್ಲದೆ ಬರುತ್ತಾನೆ. ಅದರಿಂದ ನಮಗೆ ಬುದ್ಧಿ ಬರುವುದು ತಡ.

ಮೊದಲ ಎರಡು ತಿಂಗಳು ಅವನು ಚೆನ್ನಾಗಿ ದುಡಿದ. ಚೆಂಡು ಹಿಸುಕಿದ. ಹುಣಸೆ ಬೀಜ ಒಂದೊಂದಾಗಿ ಹೆಕ್ಕಿ ಬಟ್ಟಲಿಗೆ ಹಾಕಿದ. ಹೆಬ್ಬೆರಳು ಬಂತು, ತೋರುಬೆರಳು ಬಂತು, ನಡುಬೆರಳು ಅರ್ಧ ಬಂತು. ಉಳಿದ ಎರಡು ಬರಲಿಲ್ಲ. ಮೂರನೆಯ ತಿಂಗಳು ಪೂರ್ತಿ ಅಲ್ಲಿಗೇ ನಿಂತಿತು.

ಹಾಗೆ ನಿಲ್ಲುವುದು ಎಲ್ಲರಿಗೂ ಉಂಟು. ಕೆಲವು ಸಲ ಮತ್ತೆ ಹೊರಡುತ್ತದೆ, ಕೆಲವು ಸಲ ಹೊರಡುವುದಿಲ್ಲ. ಹೊರಡಬೇಕಾದರೆ ಬಿಡದೆ ಮಾಡುತ್ತಿರಬೇಕು. ಅವನು ಸಡಿಲಾದ. ನೂರು ಸಲ ಅಂದರೆ ಮೂವತ್ತು ಸಲ ಮಾಡಿದ. ನನಗೆ ಕಳವಳ ಶುರುವಾಯಿತು. ಅವನ ಕೈಯ ಕಳವಳ ಎಂದು ಎಲ್ಲರಿಗೂ ಹೇಳಿದೆ. ನನ್ನ ಹೆಸರಿನ ಕಳವಳವೂ ಅದರಲ್ಲಿ ಇತ್ತು. ಎಷ್ಟು ಪಾಲು ಇತ್ತು ಎಂದು ಈಗ ಕೇಳಬೇಡ.

ನಾನು ಹೊಗಳಲು ಹಿಡಿದೆ. ನೀನು ನಿನ್ನೆ ಅಂದ ಮಾತನ್ನೇ ಅಂದೆ. "ಭೇಷ್. ನಿನ್ನೆಗಿಂತ ಇವತ್ತು ಜೋರಿದೆ."

ದಲ್ಲಾಳಿ ಚೆಂಡು ಕೆಳಗಿಟ್ಟ.

"ಮಾಸ್ತರ್ರ, ಮುದಿ ಎತ್ತಿನ ಕೋಡಿಗೆ ಎಣ್ಣಿ ಹಚ್ಚಿ ಹರೇದ್ದು ಅಂತ ಮಾರಾಕ ಬರೋರ್ನ ಭಾಳ ಮಂದಿನ ನೋಡೇನ್ರಿ. ನೀವು ಸಂತಿಗೆ ಬಂದಿದ್ರ ಚಲೋ ಯಾಪಾರಾ ಮಾಡತಿದ್ರಿ."

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವನು ನಗಲಿಲ್ಲ. ಮೂವತ್ತು ವರ್ಷ ಎದುರಿನವನ ಮುಖ ನೋಡಿ ಬೆಲೆ ತಿಳಿದವನು ಅವನು. ಅವನ ಮುಂದೆ ಸುಳ್ಳು ಹೊಗಳಿಕೆ ನಡೆಯುವುದಿಲ್ಲ ಎಂದು ಅವತ್ತೇ ನನಗೆ ತಿಳಿಯಬೇಕಿತ್ತು. ನನಗೆ ತಿಳಿದದ್ದು ಬೇರೆ. ನನ್ನ ಬಾಯಿಂದ ನಡೆಯದಿದ್ದರೆ ಸಂತೆಯ ಬಾಯಿಂದ ನಡೆಯಬಹುದು ಅಂದುಕೊಂಡೆ.

ಅವನನ್ನು ಸಂತೆಗೆ ಕಳಿಸಿದರೆ ಹುರುಪು ಬರುತ್ತದೆ. ಅಲ್ಲಿ ಸೋತರೆ ಇದ್ದ ಹುರುಪೂ ಹೋಗುತ್ತದೆ. ಹಾಗಾಗಿ ಸೋಲದಂತೆ ನೋಡಿಕೊಳ್ಳಬೇಕು. ಇದು ನನ್ನ ಲೆಕ್ಕಾಚಾರ.

ಅವನಿಗಿಂತ ಮುಂಚೆ ನಾನು ಸಂತೆಗೆ ಹೋದೆ. ಅವನಿಗೆ ಬೇಕಾದ ನಾಲ್ಕು ಜನ ವ್ಯಾಪಾರಿಗಳನ್ನು ಚಹಾದ ಅಂಗಡಿಯ ಹಿಂದೆ ಕರೆದೆ. "ಕಾಕಾ ಇವತ್ತು ಬರುತ್ತಾರೆ. ಮಾರುವವರು, ಕೊಳ್ಳುವವರು ಮೊದಲೇ ಮಾತಾಡಿ ಬೆಲೆ ಗೊತ್ತು ಮಾಡಿಕೊಳ್ಳಿ. ಆಮೇಲೆ ಅವರ ಟವೆಲಿನ ಕೆಳಗೆ ಕೈ ಇಡಿ. ಅವರು ಹೇಗೆ ಹಿಡಿದರೂ 'ತಿಳೀತು' ಅನ್ನಿ," ಎಂದೆ.

ಒಬ್ಬ ವ್ಯಾಪಾರಿ ಗಡ್ಡ ಕೆರೆದುಕೊಂಡ.

"ಬಾಯಿಲೆ ಬೆಲಿ ಹೇಳೂದು ಅಂದ್ರ… ಅದು ನಮ್ಮ ಸಂತ್ಯಾಗ ಮರ್ಯಾದಿ ಕೆಲಸ ಅಲ್ರಿ ಮಾಸ್ತರ್ರ."

"ಅವರ ಕೈಗಾಗಿ," ಎಂದೆ.

ಅವರು ಒಪ್ಪಿದರು. ಅವನ ಮೇಲಿನ ಗೌರವಕ್ಕೆ ಒಪ್ಪಿದರು. ಅವರ ಕೈಲಿ ಆ ಕೆಲಸ ಮಾಡಿಸಿದವನು ನಾನು.

ದಲ್ಲಾಳಿ ಬಂದ. ಮೂರು ತಿಂಗಳ ಮೇಲೆ ಟವೆಲು ಹಾಸಿದ. ಕೈ ಹಿಡಿದ. "ತಿಳೀತು ಕಾಕಾ," ಎಂದರು. ಒಂದು ಜೋಡಿ ಎತ್ತು ಮಾರಿಹೋಯಿತು. ಇನ್ನೊಂದು ಜೋಡಿ ಹೋಯಿತು. ಅವನು ಮನೆಗೆ ಹೋಗುವಾಗ ಚಹಾದ ಅಂಗಡಿಯಲ್ಲಿ ಎಲ್ಲರಿಗೂ ಚಹಾ ಕುಡಿಸಿದ.

ಆ ವಾರ ಅವನು ನಾನು ಹೇಳಿದ್ದಕ್ಕಿಂತ ಇಮ್ಮಡಿ ವ್ಯಾಯಾಮ ಮಾಡಿದ. ನಾನು ಹಿಗ್ಗಿದೆ. ನೋಡಿದಿರಾ, ಮನಸ್ಸು ಬರಿಸುವುದು ಹೀಗೆ ಎಂದು ನನ್ನ ಜೊತೆಯವರಿಗೆ ಪಾಠ ಹೇಳಿದೆ. ಎರಡನೆಯ ವಾರ ಹೇಳಿದಷ್ಟೇ ಮಾಡಿದ. ಮೂರನೆಯ ವಾರ ಚೆಂಡು ಮುಟ್ಟಲಿಲ್ಲ. ಯಾಕೆ ಮುಟ್ಟಬೇಕು? ಅವನ ಕೈ ಎಲ್ಲರಿಗೂ ತಿಳಿಯುತ್ತಿತ್ತಲ್ಲ.

ಆದರೆ ಕೈ ಅವನದು. ಅದರ ನಾಲ್ಕನೆಯ ಬೆರಳು ಏಳುತ್ತಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಏಳದ ಬೆರಳಿನ ಮಾತು ಎದುರಿನವನಿಗೆ ಹೇಗೆ ತಿಳಿಯುತ್ತದೆ?

ನಾಲ್ಕನೆಯ ಸಂತೆಗೆ ನಾನೂ ಹೋಗಿದ್ದೆ. ನನ್ನ ಗೆಲುವು ನೋಡಲು ಹೋಗಿದ್ದೆ. ಚಹಾದ ಅಂಗಡಿಯ ಬಳಿ ನಿಂತಿದ್ದೆ.

ದಲ್ಲಾಳಿ ಟವೆಲು ಹಾಕಿದ. ಎದುರಿಗೆ ಅದೇ ಗಡ್ಡದ ವ್ಯಾಪಾರಿ. ಟವೆಲಿನ ಕೆಳಗೆ ಆದದ್ದು ನನಗೆ ಆಮೇಲೆ ತಿಳಿಯಿತು: ದಲ್ಲಾಳಿ ಅವತ್ತು ಯಾವ ಬೆರಳನ್ನೂ ಹಿಡಿಯಲಿಲ್ಲ. ಬರೀ ತನ್ನ ಅಂಗೈಯನ್ನು ಅವನ ಅಂಗೈ ಮೇಲೆ ಇಟ್ಟ. ಇಟ್ಟು ಸುಮ್ಮನೆ ಮುಖ ನೋಡಿದ.

"ತಿಳೀತು ಕಾಕಾ. ಆಗ್ಲಿ ತಗೋರಿ," ಎಂದ ವ್ಯಾಪಾರಿ.

ದಲ್ಲಾಳಿ ಟವೆಲು ತೆಗೆದ. ಮಾತು ನಡೆದಿರುವಾಗ ಸಂತೆಯಲ್ಲಿ ಯಾರೂ ಟವೆಲು ತೆಗೆಯುವುದಿಲ್ಲ. ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು.

"ನಾ ಎಷ್ಟು ಹೇಳಿದೆ?"

ವ್ಯಾಪಾರಿ ಗಡ್ಡಕ್ಕೆ ಕೈ ಹಾಕಿದ.

"ಹೇಳಪಾ. ತಿಳೀತು ಅಂದ್ಯಲ್ಲ. ಎಷ್ಟು ಹೇಳಿದೆ?"

ವ್ಯಾಪಾರಿ ಕತ್ತು ತಗ್ಗಿಸಿ, ಆಮೇಲೆ ನಾನು ನಿಂತ ಕಡೆ ನೋಡಿದ. ದಲ್ಲಾಳಿಯೂ ನೋಡಿದ. ಅವನಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ನನ್ನ ಕೈಯಲ್ಲಿ ಚಹಾದ ಕಪ್ಪು ಇತ್ತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಅವನು ಟವೆಲು ಮಡಚಿದ. ಒಂದೇ ಕೈಯಿಂದ ಮಡಚಬೇಕಾಗಿತ್ತು, ಬಹಳ ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ. ಹೋಗುವ ಮುಖ ಯಾರಿಗೂ ಇರಲಿಲ್ಲ. ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಮರುದಿನ ಅವನು ವ್ಯಾಯಾಮಕ್ಕೆ ಬರಲಿಲ್ಲ. ಎಂಟು ದಿನ ಕಾದು ನಾನೇ ಅವನ ಮನೆಗೆ ಹೋದೆ. ಪಡಸಾಲೆಯಲ್ಲಿ ಕೂತಿದ್ದ. ಬಲಗೈ ಶಾಲಿನೊಳಗೆ ಇತ್ತು. ಹೆಂಡತಿ ರೊಟ್ಟಿ ಮುರಿದು ಬಾಯಿಗೆ ಇಡುತ್ತಿದ್ದಳು.

ನಾನು ತಪ್ಪಾಯಿತು ಅನ್ನಲಿಲ್ಲ. ವಾದ ಮಾಡಿದೆ. "ನಿಮಗಾಗಿ ಮಾಡಿದೆ. ನಿಮಗೆ ಮನಸ್ಸು ಬರಲಿ ಅಂತ ಮಾಡಿದೆ," ಎಂದೆ.

ಉತ್ತರವನ್ನು ಹೆಂಡತಿ ಕೊಟ್ಟಳು.

"ಇವರನ್ನ ಕೂಸು ಮಾಡಿ ಕುಂಡ್ರಿಸಿದ್ರಿ ಮಾಸ್ತರ್ರ. ಮನ್ಯಾಗ ನಾ ತುತ್ತು ಹಾಕೂದು ಸಾಲಲಿಲ್ಲಂತ ಸಂತ್ಯಾಗ ನೀವೂ ಹಾಕಿದ್ರಿ. ಇಷ್ಟು ದಿನ ಇವರ ಕೈ ಅಷ್ಟ ಹೋಗಿತ್ತು. ಈಗ ಮಂದಿ ಇವರಿಗೆ ಹೂಂ ಅಂದ್ರೂ ಖರೇ ಅನ್ನಿಸೂದಿಲ್ಲ."

ನಾನು ಎದ್ದು ಬಂದೆ.

ಇನ್ನು ಮುಂದಿನದನ್ನು ಹೇಳಲು ನನಗೆ ನಾಚಿಕೆ. ಆದರೂ ಹೇಳುತ್ತೇನೆ. ಲಕ್ವ ಹೊಡೆದ ಕೈಯನ್ನು ಆಡಿಸದೆ ಬಿಟ್ಟರೆ ಬೆರಳುಗಳು ಒಳಕ್ಕೆ ಮಡಚಿಕೊಂಡು ಬಿಗಿಯುತ್ತವೆ. ಬಿಗಿದ ಮೇಲೆ ಬಂದ ಬೆರಳೂ ಹೋಗುತ್ತದೆ. ಇದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ತಿಂಗಳು ಆ ಮನೆಯ ಕಡೆ ಹೋಗಲಿಲ್ಲ. ಬೈಸಿಕೊಳ್ಳುವುದು ಬೇಡವಾಗಿತ್ತು. ಯಾರಾದರೂ ಕೇಳಿದರೆ, "ಅವನಿಗೆ ಮನಸ್ಸಿಲ್ಲ" ಎಂದು ಹೇಳಿದೆ. ನಮ್ಮ ಕಸುಬಿನಲ್ಲಿ ಇದು ಬಹಳ ಅನುಕೂಲದ ಮಾತು. ಇದನ್ನು ಹೇಳಿದೊಡನೆ ನಮ್ಮ ಸೋಲು ರೋಗಿಯ ತಲೆಗೆ ಹೋಗುತ್ತದೆ. ಜನ ಹೌದೌದು ಎಂದರು. ನನ್ನ ಹೆಸರಿಗೆ ಏನೂ ಆಗಲಿಲ್ಲ.

ಆ ನಡುವೆ ಒಬ್ಬ ರೈತ ಅವನ ಮನೆಗೆ ಬಂದ. ದೂರದ ಊರಿನವನು. ಸಂತೆಯಲ್ಲಿ ನಡೆದದ್ದು ಅವನಿಗೆ ಗೊತ್ತಿಲ್ಲ. ಒಂದು ಎತ್ತು ಹಿಡಿದುಕೊಂಡು ಬಂದಿದ್ದ. ಇನ್ನು ಮುಂದೆ ಹೇಳುವುದು ದಲ್ಲಾಳಿಯ ಹೆಂಡತಿಯಿಂದ ನಾನು ಬಹಳ ದಿನದ ಮೇಲೆ ಕೇಳಿದ್ದು.

"ಎತ್ತು ಮಾರೂದೈತ್ರಿ," ಎಂದ ರೈತ.

"ನನ್ನ ಕೈ ಹೋಗೇತಿ. ಬ್ಯಾರೇದವರ ಕಡೆ ಹೋಗು," ಎಂದ ದಲ್ಲಾಳಿ.

"ನಮ್ಮಪ್ಪ ಸಾಯೂ ಮುಂದ ಹೊಲದ ಮಾತು ಹೇಳಲಿಲ್ಲ, ಮನಿ ಮಾತು ಹೇಳಲಿಲ್ಲ. ಎತ್ತು ಮಾರಿದ್ರ ಕಾಕಾನ ಕೈಯಾಗ ಮಾರು ಅಂತ ಹೇಳಿದ. ನಿಮ್ಮ ಕೈ ಹೋಗಿದ್ದು ಅವಗ ಗೊತ್ತಿರಲಿಲ್ಲ, ಪಾಪ. ಎಲ್ಲೈತಿ ಕೈ? ತೋರಸ್ರಿ."

ದಲ್ಲಾಳಿ ಶಾಲಿನೊಳಗಿಂದ ಕೈ ತೆಗೆಯಲಿಲ್ಲ. ರೈತನೇ ಪಕ್ಕಕ್ಕೆ ಕೂತು, ಆ ಕೈಯನ್ನು ಎಳೆದುಕೊಂಡ. ತನ್ನ ಟವೆಲು ಮೇಲೆ ಹಾಕಿದ.

"ಹಿಡೀರಿ."

ದಲ್ಲಾಳಿ ಹಿಡಿದ.

"ತಿಳೀಲಿಲ್ಲ."

ಮತ್ತೆ ಹಿಡಿದ.

"ತಿಳೀಲಿಲ್ರಿ. ಮೂರೋ, ನಾಲ್ಕೋ?"

ಮೂರನೆಯ ಸಲ ಹಿಡಿಯುವಾಗ ದಲ್ಲಾಳಿಯ ಹಣೆ ಬೆವರಿತ್ತು.

"ಮೂರರ ಮಟ ತಿಳೀತೈತಿ. ಅದರ ಮ್ಯಾಲಿಂದು ಏನೂ ತಿಳೀವಲ್ದು. ನನ್ನ ಎತ್ತಿಗೆ ಮೂರು ಅಂದ್ರ ನಾ ಕೊಡೂದಿಲ್ಲ."

"ಅದಕ್ಕ ಹೇಳಿದೆ, ಬ್ಯಾರೇದವರ ಕಡೆ ಹೋಗಂತ."

"ಬಿತ್ತಿಗಿಗೆ ಇನ್ನ ಒಂದು ತಿಂಗಳೈತಿ. ಅಲ್ಲೀತನಕ ಎತ್ತಿಗೆ ಬೆಲಿ ಇರತೈತಿ. ವಾರಕ್ಕೊಮ್ಮೆ ಸಂತಿ ದಿನ ಬಂದು ಕೈ ಕೊಡ್ತೀನಿ. ನಾಲ್ಕು ತಿಳಿಯೂ ಹಂಗ ಮಾಡ್ಕೋರಿ. ಆಗಲಿಲ್ಲ ಅಂದ್ರ ತಿಂಗಳಾದ ಮ್ಯಾಲೆ ಬ್ಯಾರೇದವರ ಕಡೆ ಹೋಗತೀನಿ. ಆಮ್ಯಾಲೆ ಸಿಟ್ಟಾಗಬ್ಯಾಡ್ರಿ."

ಟವೆಲು ಹೆಗಲಿಗೆ ಹಾಕಿಕೊಂಡು, ಎತ್ತು ಹಿಡಿದುಕೊಂಡು ಹೋದ.

ಆ ರೈತ ಬಹಳ ಒಳ್ಳೆಯವನು, ದೊಡ್ಡ ಮನಸ್ಸಿನವನು ಎಂದು ತಿಳಿಯಬೇಡ. ಅವನು ದಲ್ಲಾಳಿಯ ಕೈ ಗುಣಪಡಿಸಲು ಬಂದವನಲ್ಲ. ಅವನಿಗಿದ್ದದ್ದು ಮಾರಲು ಒಂದೇ ಎತ್ತು. ತಿಳಿಯದ ಬೆಲೆಗೆ ಹೂಂ ಅಂದರೆ ಹೋಗುವುದು ಅವನ ಎತ್ತು. ಅದಕ್ಕೇ ಅವನು ನಿಜ ಹೇಳಿದ. ನನಗೂ ಆ ನಾಲ್ಕು ವ್ಯಾಪಾರಿಗಳಿಗೂ ಟವೆಲಿನ ಕೆಳಗೆ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಅದಕ್ಕೇ ಧಾರಾಳವಾಗಿ ಹೊಗಳಿದೆವು.

ರೈತ ಹೋದ ಮೇಲೆ ದಲ್ಲಾಳಿ ತನ್ನ ಹೆಂಡತಿಯನ್ನು ಕರೆದ. ಬೆರಳಿನ ಗುಟ್ಟನ್ನು ದಲ್ಲಾಳಿಗಳು ಮನೆಯವರಿಗೆ ಹೇಳಿಕೊಡುವುದಿಲ್ಲ. ಅವನು ಹೇಳಿಕೊಟ್ಟ. ಇದು ಒಂದು, ಇದು ಎರಡು, ಇದು ಅರ್ಧ. "ದಿನಾ ನನ್ನ ಎದುರು ಕುಂಡ್ರು. ತಿಳಿದ್ರ ತಿಳೀತು ಅನ್ನು. ತಿಳೀದಿದ್ರ ಅನ್ನಬ್ಯಾಡ," ಎಂದ.

"ಮೂವತ್ತು ವರ್ಷ ಸಂಸಾರ ಮಾಡಿದ್ರೂ ನಿಮ್ಮ ಬಾಯಿ ಮಾತ ನನಗ ಒಂದು ಸಲಕ್ಕ ತಿಳಿದಿಲ್ಲ. ಕೈ ಮಾತು ತಿಳೀತೈತೇನು?" ಎಂದಳು ಅವಳು. ಆದರೂ ಕೂತಳು. ಮುಂಜಾನೆ ಕೂತಳು, ಸಂಜೆ ಕೂತಳು. "ತಿಳೀಲಿಲ್ಲ" ಅಂದಳು. ಮತ್ತೆ "ತಿಳೀಲಿಲ್ಲ" ಅಂದಳು. ತುತ್ತು ಹಾಕುವುದನ್ನು ಅವತ್ತಿನಿಂದ ಬಿಟ್ಟಳು. ಅವನು ಬಲಗೈಯಿಂದ ಉಂಡ. ಅರ್ಧ ಅನ್ನ ನೆಲಕ್ಕೆ ಬೀಳುತ್ತಿತ್ತು. ಬಿದ್ದದ್ದನ್ನು ಅವಳು ನೋಡದ ಹಾಗೆ ಇರುತ್ತಿದ್ದಳು.

ಆ ಮನೆಯಲ್ಲಿ ಅವನಿಗೆ ಭೇಷ್ ಅಂದವರು ಯಾರೂ ಇಲ್ಲ. ನೂರು ಸಲ ಮಾಡು ಅಂದವರೂ ಇಲ್ಲ. ಅವನು ಮುನ್ನೂರು ಸಲ ಮಾಡಿದ.

ಮೊದಲ ವಾರ ರೈತ ಬಂದು ಕೈ ಕೊಟ್ಟ. "ತಿಳೀಲಿಲ್ಲ," ಎಂದು ಚಹಾ ಕುಡಿದು ಹೋದ. ಎರಡನೆಯ ವಾರ, "ಏನೋ ಅಲುಗಿದಂಗಾತು. ಆದ್ರ ಸಂತ್ಯಾಗ ಅದು ನಡಿಯೂದಿಲ್ಲ," ಅಂದ. ಮೂರನೆಯ ವಾರ ಅವನು ಬರಲಿಲ್ಲ. ಎತ್ತು ಬೇರೆಯವರಿಗೆ ಕೊಟ್ಟನೇನೋ ಎಂದು ದಲ್ಲಾಳಿ ಇಡೀ ದಿನ ಬಾಗಿಲಲ್ಲಿ ನಿಂತಿದ್ದನಂತೆ. ಲಕ್ವ ಹೊಡೆದ ದಿನವೂ ಅವನ ಮುಖ ಹಾಗಾಗಿರಲಿಲ್ಲ ಎಂದು ಹೆಂಡತಿ ಹೇಳಿದಳು.

ನಾಲ್ಕನೆಯ ವಾರ ರೈತ ಬಂದ. ಮೊಮ್ಮಗಳ ಜವಳ, ಮೊದಲ ಕೂದಲು ತೆಗೆಸುವ ಕಾರ್ಯ ಇತ್ತು, ಅದಕ್ಕೆ ತಪ್ಪಿತು ಎಂದ. ಕೈ ಕೊಟ್ಟ. ದಲ್ಲಾಳಿ ಹಿಡಿದ.

"ನಾಲ್ಕು," ಎಂದ ರೈತ. "ಮ್ಯಾಲೆ ಅರ್ಧ. ಹೌದಲ್ರಿ?"

ದಲ್ಲಾಳಿ ಎದ್ದು ಕಾಲಿಗೆ ಚಪ್ಪಲಿ ಹಾಕಿಕೊಂಡ. "ನಡಿ ಸಂತಿಗೆ," ಎಂದ.

ಅವನ ಕಿರುಬೆರಳು ಕೊನೆಯವರೆಗೂ ಬರಲಿಲ್ಲ. ಐದು ಹೇಳಬೇಕಾದಾಗ ಎದುರಿನವನ ಅಂಗೈ ನಡುವೆ ಹೆಬ್ಬೆರಳು ಒತ್ತುತ್ತಿದ್ದ. ಅದು ಅವನೇ ಮಾಡಿಕೊಂಡ ಗುರುತು. ಮೊದಮೊದಲು ತಿಳಿಯದವರು ತಿಳಿಯಲಿಲ್ಲ ಅಂದರು. ಅವನು ಮತ್ತೆ ಒತ್ತಿದ. ಆಮೇಲೆ ಸಂತೆ ಅದನ್ನು ಕಲಿಯಿತು.

ನನಗೆ ಸುದ್ದಿ ಬಂತು. ಹೋಗಲೋ ಬೇಡವೋ ಎಂದು ಎರಡು ಸಂತೆ ತಡೆದೆ. ಮೂರನೆಯ ಸಂತೆಗೆ ಹೋದೆ. ದೂರದಲ್ಲಿ ನಿಂತು ನೋಡಿ ಬಂದುಬಿಡಬೇಕು ಅಂದುಕೊಂಡಿದ್ದೆ. ಅವನು ನನ್ನನ್ನು ಕಂಡ.

"ಬರ್ರಿ ಮಾಸ್ತರ್ರ," ಎಂದ. ಎಲ್ಲರೂ ನೋಡುತ್ತಿದ್ದರು. ಆ ಗಡ್ಡದ ವ್ಯಾಪಾರಿಯೂ ಇದ್ದ. ಹೋದೆ. ದಲ್ಲಾಳಿ ನನ್ನ ಬಲಗೈ ತೆಗೆದುಕೊಂಡು ಟವೆಲು ಹಾಕಿದ. ಹಿಡಿದ.

"ಏನು ಹೇಳಿದೆ, ಹೇಳ್ರಿ."

ಮೂರು ತಿಂಗಳಿಗೂ ಹೆಚ್ಚು ಕಾಲ ಆ ಬೆರಳುಗಳನ್ನು ನನ್ನ ಕೈಯಲ್ಲಿ ಹಿಡಿದು ಆಡಿಸಿದ್ದೆ. ಯಾವ ನರ ಯಾವ ಗೆಣ್ಣನ್ನು ಎಳೆಯುತ್ತದೆ ಎಂಬುದನ್ನು ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದೆ. ಆ ಬೆರಳು ಆಡುವ ಮಾತು ಏನು ಎಂದು ಒಂದು ದಿನವೂ ಅವನನ್ನು ಕೇಳಿರಲಿಲ್ಲ. ಅವನು ಒತ್ತುತ್ತಿದ್ದ. ನನಗೆ ಏನೂ ತಿಳಿಯುತ್ತಿರಲಿಲ್ಲ. ಆದರೂ ನನ್ನ ಕತ್ತು ತನ್ನಷ್ಟಕ್ಕೆ ತಾನೇ ಹೂಂ ಅನ್ನಲು ಹೊರಟಿತು. ರೂಢಿ. ಅದನ್ನು ತಡೆಯಲು ಎಷ್ಟು ಕಷ್ಟವಾಯಿತು ಎಂದು ನಿನಗೆ ಹೇಳಲಾರೆ.

"ತಿಳಿಯಲಿಲ್ಲ," ಎಂದೆ.

ಅವನು ಮತ್ತೊಮ್ಮೆ ಹಿಡಿದ.

"ತಿಳಿಯಲಿಲ್ಲ."

ಅಷ್ಟು ಜನರ ನಡುವೆ ಎರಡು ಸಲ ಹಾಗೆ ಹೇಳಿದೆ. ಅವನು ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡ. ಸಿಟ್ಟು ಮಾಡಲಿಲ್ಲ, ನಗಲೂ ಇಲ್ಲ.

"ಅವತ್ತು ಇಷ್ಟ ಅಂದಿದ್ರ ಸಾಕಾಗಿತ್ತು," ಎಂದು ಹೇಳಿ, ಮುಂದಿನ ಎತ್ತಿನ ಕಡೆಗೆ ಹೋದ.

ಗುರುಗಳು ಕತೆ ನಿಲ್ಲಿಸಿದರು. ಕಲ್ಮೇಶ ಮೆಲ್ಲಗೆ ಕೇಳಿದ.

"ಹಾಗಾದರೆ ಗುರುಗಳೇ, ನಾಳೆಯಿಂದ ಆಕೆಗೆ ಭೇಷ್ ಅನ್ನುವುದಿಲ್ಲ. ಮೂರು ಸಲ ನಿಂತರೆ ಸಾಲದು ಅಂತಲೇ ಹೇಳುತ್ತೇನೆ. ಆಗಬಹುದೇ?"

"ಹೇಳಬಹುದು," ಎಂದರು ಗುರುಗಳು. "ಎದ್ದು ನಿಂತು ಆಕೆ ಎಲ್ಲಿಗೆ ಹೋಗಬೇಕು ಅಂತಿದ್ದಾಳೆ, ಅದನ್ನು ಮೊದಲು ನನಗೆ ಹೇಳು."

"ಅದನ್ನು ನಾನು ಕೇಳಿಯೇ ಇಲ್ಲ," ಎಂದ ಕಲ್ಮೇಶ. ಎದ್ದು ಚಪ್ಪಲಿ ಹಾಕಿಕೊಂಡ.